ಟಾರ್ಚಿನ ಗಾಜಿನೊಳಗೆ ಇಣುಕುವ ಮುನ್ನ

ಟಾರ್ಚ್ ಕೈಗೆ ಸಿಕ್ಕರೆ ನಮ್ಮಲ್ಲಿ ಅನೇಕರು ಮೊದಲು ಮಾಡುವುದು ಒಂದೇ ಕೆಲಸ. ಗುಂಡಿ ಒತ್ತುತ್ತೇವೆ, ಗಾಜನ್ನು ಮುಖದತ್ತ ತಿರುಗಿಸುತ್ತೇವೆ, ಹತ್ತಿತೋ ಇಲ್ಲವೋ ಎಂದು ಒಳಗೆ ಇಣುಕುತ್ತೇವೆ. ಇದು ಹಳೆಯ ಟಾರ್ಚುಗಳು ಕಲಿಸಿದ ಚಾಳಿ. ಎರಡು ದಪ್ಪ ಸೆಲ್ ಹಾಕುತ್ತಿದ್ದ ಆ ಟಾರ್ಚುಗಳ ಬಲ್ಬು ಕೊಡುತ್ತಿದ್ದುದು ಸುಮಾರು 15–20 ಲುಮೆನ್ ಬೆಳಕು, ಅದೂ ಸೆಲ್ ಹೊಸದಾಗಿದ್ದಾಗ. ಸೆಲ್ ಇಳಿದ ಮೇಲೆ ಬಲ್ಬಿನ ತಂತಿ ಆರುತ್ತಿರುವ ಕೆಂಡದ ಹಾಗೆ ಕಾಣುತ್ತಿತ್ತು. ಇಣುಕದೆ ಹತ್ತಿದೆಯೋ ಇಲ್ಲವೋ ತಿಳಿಯುವುದೇ ಕಷ್ಟವಿತ್ತು. ಈಗ ಹೆಬ್ಬೆರಳಿನಷ್ಟು ದಪ್ಪದ ಟಾರ್ಚೊಂದು 1000 ಲುಮೆನ್ ಉಗುಳುತ್ತದೆ. ಟಾರ್ಚು ಬದಲಾಯಿತು, ಚಾಳಿ ಬದಲಾಗಲಿಲ್ಲ. ನಾನೂ ಒಮ್ಮೆ ಕತ್ತಲ ಕೋಣೆಯಲ್ಲಿ ಹಾಗೆ ಇಣುಕಿ, ಮುಂದಿನ ಐದಾರು ನಿಮಿಷ ಗೋಡೆ ಮೇಲೆಲ್ಲ ಹಸಿರು, ನೇರಳೆ ಬೊಟ್ಟುಗಳನ್ನು ನೋಡುತ್ತ ಕೂತಿದ್ದೆ.

ಆಗ ಎಲ್ಲರಿಗೂ ಬರುವ ಪ್ರಶ್ನೆ ನನಗೂ ಬಂತು: ಕಣ್ಣು ಸುಟ್ಟುಹೋಯಿತೇ? ಈ ಪ್ರಶ್ನೆಗೆ ಎರಡು ಸಿದ್ಧ ಉತ್ತರಗಳು ಓಡಾಡುತ್ತಿರುತ್ತವೆ. ಒಂದು, "ಅಯ್ಯೋ, ಕಣ್ಣೇ ಹೋಗಿಬಿಡುತ್ತೆ." ಇನ್ನೊಂದು, "ಟಾರ್ಚ್ ತಾನೇ, ಏನೂ ಆಗಲ್ಲ ಬಿಡಿ." ಎರಡೂ ತಪ್ಪು. ಎರಡೂ ತಪ್ಪಾಗುವುದಕ್ಕೆ ಕಾರಣ, ನಾವು ಟಾರ್ಚಿನ ಅಪಾಯವನ್ನು ಡಬ್ಬಿಯ ಮೇಲಿನ ಲುಮೆನ್ ಸಂಖ್ಯೆಯಿಂದ ಅಳೆಯುತ್ತೇವೆ. ಕಣ್ಣಿಗೆ ಆ ಸಂಖ್ಯೆಯ ಪರಿಚಯವೇ ಇಲ್ಲ.

ಡಬ್ಬಿ ಹೇಳುವುದು, ಕಣ್ಣು ಕೇಳುವುದು

ಲುಮೆನ್ ಎಂದರೆ ಟಾರ್ಚಿನಿಂದ ಹೊರಬರುವ ಒಟ್ಟು ಬೆಳಕು, ಎಲ್ಲ ದಿಕ್ಕಿನದೂ ಸೇರಿ. ನಲ್ಲಿಯಿಂದ ನಿಮಿಷಕ್ಕೆ ಎಷ್ಟು ನೀರು ಬರುತ್ತದೆ ಎಂದ ಹಾಗೆ. ಆ ನೀರು ಹೂವಿನ ಗಿಡಕ್ಕೆ ಹನಿಹನಿಯಾಗಿ ಬೀಳುತ್ತಿದೆಯೋ, ಪೈಪಿನ ಬಾಯಿ ಒತ್ತಿ ಹಿಡಿದಾಗಿನಂತೆ ಚಿಮ್ಮುತ್ತಿದೆಯೋ ಎಂಬುದನ್ನು ಲುಮೆನ್ ಹೇಳುವುದಿಲ್ಲ. ಕೋಣೆಯ ಸೀಲಿಂಗಿನಲ್ಲಿರುವ ಹಾಲುಬಣ್ಣದ ಎಲ್‌ಇಡಿ ಬಲ್ಬು ಕೂಡ 1000 ಲುಮೆನ್ ಕೊಡುತ್ತದೆ. ಅದನ್ನು ದಿನವೂ ನೋಡುತ್ತೇವೆ, ಏನೂ ಆಗುವುದಿಲ್ಲ.

ಒಂದು ದಿಕ್ಕಿಗೆ ಎಷ್ಟು ಗಟ್ಟಿಯಾಗಿ ಬೆಳಕು ಹೋಗುತ್ತಿದೆ ಎನ್ನುವುದನ್ನು ಕ್ಯಾಂಡೆಲಾದಲ್ಲಿ ಅಳೆಯುತ್ತಾರೆ. ಆ ಬೆಳಕು ದೂರದ ಒಂದು ಜಾಗದ ಮೇಲೆ ಎಷ್ಟು ಬಿತ್ತು ಎಂಬುದು ಲಕ್ಸ್. ಇವೆರಡಕ್ಕೂ ಸರಳ ನಂಟಿದೆ: ಕ್ಯಾಂಡೆಲಾವನ್ನು ದೂರದ ವರ್ಗದಿಂದ ಭಾಗಿಸಿದರೆ ಲಕ್ಸ್. 50,000 ಕ್ಯಾಂಡೆಲಾದ ಒಂದು ಟಾರ್ಚ್ 1 ಮೀಟರ್ ದೂರದಲ್ಲಿ 50,000 ಲಕ್ಸ್ ಬೀರುತ್ತದೆ, 10 ಮೀಟರಿನಲ್ಲಿ 500, 100 ಮೀಟರಿನಲ್ಲಿ ಬರೀ 5. ನಡುಹಗಲ ನೇರ ಬಿಸಿಲು ಸುಮಾರು 1,00,000 ಲಕ್ಸ್ ಎಂಬುದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ. ಇನ್ನು ಡಬ್ಬಿಯ ಮೇಲೆ "447 ಮೀಟರ್ ದೂರ ಬೆಳಕು" ಎಂದು ಬರೆದಿರುತ್ತದಲ್ಲ, ಅದು ಬೆಳಕು 0.25 ಲಕ್ಸ್‌ಗೆ ಇಳಿಯುವ ದೂರ. ಅಂದರೆ ಹುಣ್ಣಿಮೆ ಬೆಳದಿಂಗಳಿನಷ್ಟು. ಅಷ್ಟು ದೂರದಲ್ಲಿ ನಿಂತ ಎಮ್ಮೆ ಎಮ್ಮೆಯೇ ಎಂದು ಗುರುತಾಗುತ್ತದೆ ಎಂದು ಅವರೇನೂ ಮಾತು ಕೊಟ್ಟಿಲ್ಲ.

ಆದರೆ ಕಣ್ಣಿನ ಗಾಯದ ಮಟ್ಟಿಗೆ ಇವು ಮೂರೂ ಅರ್ಧ ಕತೆ. ಕಣ್ಣು ಬರೀ ಬೆಳಕು ಬೀಳುವ ಗೋಡೆಯಲ್ಲ, ಬೆಳಕನ್ನು ಒಂದೆಡೆ ಕೂಡಿಸುವ ಯಂತ್ರ. ಭೂತಗನ್ನಡಿ ಹಿಡಿದು ಕಾಗದ ಸುಟ್ಟವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಬಿಸಿಲು ಅದೇ, ಕಾಗದ ಅದೇ. ನಡುವೆ ಗಾಜು ಬಂದು ಸೂರ್ಯನ ಪುಟ್ಟ ಬಿಂಬವೊಂದು ಕಾಗದದ ಮೇಲೆ ಮೂಡಿದಾಗ ಮಾತ್ರ ಹೊಗೆ. ನಮ್ಮ ಕಣ್ಣಿನಲ್ಲಿ ಆ ಗಾಜಿನ ಕೆಲಸವನ್ನು ಕಾರ್ನಿಯಾ ಮತ್ತು ಮಸೂರ ಮಾಡುತ್ತವೆ, ಕಾಗದದ ಜಾಗದಲ್ಲಿ ಅಕ್ಷಿಪಟಲ ಇದೆ. ಆದ್ದರಿಂದ ಕೇಳಬೇಕಾದ ಪ್ರಶ್ನೆ, ಮುಖದ ಮೇಲೆ ಎಷ್ಟು ಬೆಳಕು ಬಿತ್ತು ಎಂಬುದಲ್ಲ. ಅಕ್ಷಿಪಟಲದ ಮೇಲೆ ಮೂಡಿದ ಬಿಂಬದ ಒಂದೊಂದು ಚುಕ್ಕೆಯಲ್ಲಿ ಎಷ್ಟು ಬೆಳಕು ದಟ್ಟೈಸಿತು ಎಂಬುದು.

ಇದನ್ನು ನಿರ್ಧರಿಸುವುದು ಬೆಳಕಿನ ಮೂಲದ ಮೇಲ್ಮೈ ಹೊಳಪು: ಒಂದು ಚದರ ಮಿಲಿಮೀಟರ್ ಮೇಲ್ಮೈ ಎಷ್ಟು ಕ್ಯಾಂಡೆಲಾ ಕೊಡುತ್ತದೆ ಎನ್ನುವ ಲೆಕ್ಕ. ಸೂರ್ಯನದು ಸುಮಾರು 1600. ಇಂದಿನ ಶಕ್ತಿಶಾಲಿ ಟಾರ್ಚುಗಳ ಬಿಳಿ ಎಲ್‌ಇಡಿಯದು 100ರಿಂದ 200ರ ಆಸುಪಾಸು. ಹಳೆಯ ಬಲ್ಬಿನ ಟಂಗ್‌ಸ್ಟನ್ ತಂತಿಯದು 10ರ ಆಸುಪಾಸು. ಹಾಲುಬಣ್ಣದ ಮನೆಯ ಬಲ್ಬಿನದು ಇವೆಲ್ಲಕ್ಕಿಂತ ಎಷ್ಟೋ ಕಡಿಮೆ, ಏಕೆಂದರೆ ಅದರ ಬೆಳಕು ಇಡೀ ಗೋಳದ ಮೇಲೆ ಹರಡಿಕೊಂಡಿರುತ್ತದೆ.

ಇಲ್ಲೊಂದು ವಿಚಿತ್ರವಿದೆ, ಮೊದಲ ಸಲ ಕೇಳಿದಾಗ ನನಗೆ ನಂಬಿಕೆ ಬರಲಿಲ್ಲ. ಟಾರ್ಚಿನಿಂದ ಸ್ವಲ್ಪ ಹಿಂದೆ ಸರಿದರೂ ಅಕ್ಷಿಪಟಲದ ಮೇಲಿನ ದಟ್ಟಣೆ ಕಡಿಮೆಯಾಗುವುದಿಲ್ಲ. ದೂರ ಇಮ್ಮಡಿಯಾದರೆ ಕಣ್ಣೊಳಗೆ ಹೋಗುವ ಬೆಳಕು ಕಾಲುಭಾಗಕ್ಕೆ ಇಳಿಯುತ್ತದೆ, ನಿಜ. ಆದರೆ ಬಿಂಬದ ವಿಸ್ತೀರ್ಣವೂ ಕಾಲುಭಾಗಕ್ಕೆ ಇಳಿಯುತ್ತದೆ. ಕಡಿಮೆ ಬೆಳಕು, ಕಡಿಮೆ ಜಾಗ. ಚುಕ್ಕೆಯೊಂದರ ಪಾಲಿಗೆ ಬರುವುದು ಅಷ್ಟೇ. ಬಿಂಬ ತೀರಾ ಚಿಕ್ಕದಾಗಿ, ಕಣ್ಣಿನ ಸಹಜ ಮಸುಕು ಮತ್ತು ಅದರ ನಿಲ್ಲದ ಸಣ್ಣ ಅಲುಗಾಟ ಬಿಂಬವನ್ನು ಕಲಸಿಹಾಕುವವರೆಗೂ ಈ ಲೆಕ್ಕ ನಡೆಯುತ್ತದೆ. ಹತ್ತಾರು ಮೀಟರ್ ದಾಟಿದ ಮೇಲೆ ಗಾಯದ ಮಾತು ಬಿಡಬಹುದು. ಆದರೆ ಅರ್ಧ ಮೀಟರಿನಿಂದ ಒಂದು ಮೀಟರಿಗೆ ಸರಿದು "ದೂರದಿಂದ ನೋಡಿದೆ" ಎಂದುಕೊಂಡರೆ ಅದು ಸಮಾಧಾನ ಮಾತ್ರ.

ಟಾರ್ಚಿನ ರಿಫ್ಲೆಕ್ಟರ್, ಅಂದರೆ ಎಲ್‌ಇಡಿಯ ಸುತ್ತಲಿನ ಹೊಳಪಿನ ಬಟ್ಟಲು, ಮಾಡುವ ಚಮತ್ಕಾರವೂ ಇದೇ. ಎಲ್‌ಇಡಿ ಸಾಸಿವೆಯಿಂದ ಹೆಸರುಕಾಳಿನ ಗಾತ್ರದ್ದು. ಎದುರು ನಿಂತು ನೋಡಿದರೆ ಬಟ್ಟಲಿಡೀ ಎಲ್‌ಇಡಿಯಷ್ಟೇ ಹೊಳಪಿನಿಂದ ಬೆಳಗುತ್ತದೆ. ಬಟ್ಟಲು ದೊಡ್ಡದಾದಷ್ಟೂ ಹೊಳಪೇನೂ ಹೆಚ್ಚುವುದಿಲ್ಲ, ಹೊಳೆಯುವ ಜಾಗ ಹೆಚ್ಚುತ್ತದೆ, ಅಷ್ಟೇ.

ಈಗ ಸೂರ್ಯನ ಜತೆ ಒಂದು ಲೆಕ್ಕ ಹಾಕೋಣ. ಕಣ್ಣಿನ ನಾಭಿದೂರ ಸುಮಾರು 17 ಮಿಲಿಮೀಟರ್. ಸೂರ್ಯ ಆಕಾಶದಲ್ಲಿ ಅರ್ಧ ಡಿಗ್ರಿ ಅಗಲ ಕಾಣುವುದರಿಂದ ಅಕ್ಷಿಪಟಲದ ಮೇಲೆ ಅವನ ಬಿಂಬ ಸುಮಾರು 0.16 ಮಿಲಿಮೀಟರ್. ನಮ್ಮ 50,000 ಕ್ಯಾಂಡೆಲಾ ಟಾರ್ಚಿನ ಬಟ್ಟಲು 30 ಮಿಲಿಮೀಟರ್ ಅಗಲ ಎಂದಿಟ್ಟುಕೊಂಡರೆ, 1 ಮೀಟರಿನಿಂದ ಅದರ ಬಿಂಬ ಸುಮಾರು 0.5 ಮಿಲಿಮೀಟರ್. ಕಣ್ಣಿಗೆ ಬೀಳುವ ಬೆಳಕು ಸೂರ್ಯನದರ ಅರ್ಧ, ಹರಡಿಕೊಳ್ಳುವ ಜಾಗ ಹತ್ತು ಪಟ್ಟು. ಅಂದರೆ ಚುಕ್ಕೆಯೊಂದಕ್ಕೆ ಸೂರ್ಯನ ಇಪ್ಪತ್ತರಲ್ಲಿ ಒಂದು ಪಾಲು. ನೆಮ್ಮದಿಯ ಸುದ್ದಿ, ಆದರೆ ಅದರಲ್ಲೊಂದು ತಿದ್ದುಪಡಿ ಇದೆ. ಸೂರ್ಯನನ್ನು ನಾವು ನೋಡುವುದು ಹಗಲಿನಲ್ಲಿ, ಪಾಪೆ 2 ಮಿಲಿಮೀಟರಿಗೆ ಕಿರಿದಾಗಿದ್ದಾಗ. ಟಾರ್ಚನ್ನು ನೋಡುವುದು ಕತ್ತಲಲ್ಲಿ, ಪಾಪೆ 7 ಮಿಲಿಮೀಟರಿಗೆ ಹಿಗ್ಗಿದ್ದಾಗ. ಕಿಂಡಿಯ ವಿಸ್ತೀರ್ಣ ಆಗ ಹನ್ನೆರಡು ಪಟ್ಟು. ಪಾಪೆ ಕುಗ್ಗಲು ಒಂದು ಸೆಕೆಂಡಿನಷ್ಟು ಹೊತ್ತು ಬೇಕು. ಹಾಗಾಗಿ ಮೊದಲ ಕ್ಷಣದಲ್ಲಿ ನಡುರಾತ್ರಿಯ ಟಾರ್ಚ್, ನಡುಹಗಲ ಸೂರ್ಯನ ಅರ್ಧಕ್ಕಿಂತ ಹೆಚ್ಚಿನ ದಟ್ಟಣೆಯನ್ನು ಅಕ್ಷಿಪಟಲಕ್ಕೆ ತಲುಪಿಸುತ್ತದೆ.

ಕ್ಷಣಕಾಲ ಸೂರ್ಯನತ್ತ ಕಣ್ಣು ಹಾಯಿಸಿದ ಮಾತ್ರಕ್ಕೆ ಯಾರೂ ಕುರುಡಾಗುವುದಿಲ್ಲ. ಸೂರ್ಯನನ್ನೇ ದಿಟ್ಟಿಸುತ್ತ ನಿಂತರೆ ಆಗುವುದುಂಟು. ಟಾರ್ಚಿನ ಕತೆಯೂ ಹಾಗೆಯೇ.

ಸುಡುವುದು ಬೇರೆ, ಮಾಸುವುದು ಬೇರೆ

ಬೆಳಕು ಅಕ್ಷಿಪಟಲವನ್ನು ಎರಡು ಬಗೆಯಲ್ಲಿ ಕೆಡಿಸುತ್ತದೆ. ಮೊದಲನೆಯದು ಕಾವು. ಅಕ್ಷಿಪಟಲದ ಹಿಂಬದಿಯ ಕಪ್ಪು ವರ್ಣದ್ರವ್ಯದ ಪದರ ಬೆಳಕನ್ನು ಹೀರಿ ಬಿಸಿಯಾಗುತ್ತದೆ. ಕಾವು ಹತ್ತಾರು ಡಿಗ್ರಿ ಏರಿದರೆ ಅಲ್ಲಿನ ಪ್ರೋಟೀನು ಬೆಂದ ಮೊಟ್ಟೆಯ ಬಿಳಿಯಂತೆ ಗಟ್ಟಿಯಾಗುತ್ತದೆ. ಲೇಸರ್ ಮಾಡುವ ಗಾಯ ಹೆಚ್ಚಾಗಿ ಇದೇ. ಬಿಳಿ ಎಲ್‌ಇಡಿ ಟಾರ್ಚುಗಳು ಸಾಮಾನ್ಯವಾಗಿ ಅಲ್ಲಿಯವರೆಗೆ ಹೋಗುವುದಿಲ್ಲ. ಅಕ್ಷಿಪಟಲದ ಹಿಂದೆ ಹರಿಯುವ ರಕ್ತ ಕಾವನ್ನು ಹೊತ್ತೊಯ್ಯುತ್ತಲೇ ಇರುತ್ತದೆ.

ಎರಡನೆಯದು ರಾಸಾಯನಿಕ ಗಾಯ, ಟಾರ್ಚಿನ ವಿಷಯದಲ್ಲಿ ತಲೆ ಕೆಡಿಸಿಕೊಳ್ಳಬೇಕಾದದ್ದು ಇದರ ಬಗ್ಗೆ. ಇದಕ್ಕೆ ಬಿಸಿ ಬೇಕಿಲ್ಲ. ನೀಲಿ ಬೆಳಕಿನ ಕಣಗಳಲ್ಲಿ ಶಕ್ತಿ ಹೆಚ್ಚು. ಅವು ಅಕ್ಷಿಪಟಲದ ಅಣುಗಳನ್ನು ಕೆರಳಿಸಿ, ಆಮ್ಲಜನಕದ ಪುಂಡ ರೂಪಗಳನ್ನು ಹುಟ್ಟಿಸುತ್ತವೆ. ಅವು ಬೆಳಕು ಗ್ರಹಿಸುವ ಕೋಶಗಳ ಪೊರೆಯನ್ನು ಕೊರೆಯುತ್ತವೆ. ಬಿಸಿಲಿಗೆ ಇಟ್ಟ ಬಟ್ಟೆ ಸುಡುವುದಿಲ್ಲ, ಬಣ್ಣ ಮಾಸುತ್ತದಲ್ಲ, ಹೆಚ್ಚುಕಡಿಮೆ ಆ ಜಾತಿಯ ಕೇಡು. ಬಟ್ಟೆಯ ಹಾಗೆಯೇ ಇಲ್ಲಿಯೂ ಲೆಕ್ಕಕ್ಕೆ ಬರುವುದು ಒಟ್ಟು ಮೊತ್ತ: ಹೊಳಪು ಗುಣಿಸು ಸಮಯ. ಅರ್ಧ ಹೊಳಪನ್ನು ಎರಡರಷ್ಟು ಹೊತ್ತು ನೋಡಿದರೆ ಹಾನಿ ಅಷ್ಟೇ.

1966ರಲ್ಲಿ ವರ್ನರ್ ನೋಯೆಲ್, ಇಲಿಗಳ ಅಕ್ಷಿಪಟಲ ಸಾಮಾನ್ಯ ದೀಪದ ಬೆಳಕಿನಲ್ಲೇ, ಕಾವಿನ ಹಂಗಿಲ್ಲದೆ ಹಾಳಾಗಬಲ್ಲದು ಎಂದು ತೋರಿಸಿಕೊಟ್ಟರು. ಹತ್ತು ವರ್ಷದ ಬಳಿಕ, 1976ರಲ್ಲಿ, ವಿಲಿಯಂ ಹ್ಯಾಮ್, ಹೆರಾಲ್ಡ್ ಮುಲ್ಲರ್ ಮತ್ತು ಡೇವಿಡ್ ಸ್ಲೈನಿ ಮಂಗಗಳ ಕಣ್ಣಿನ ಮೇಲೆ ಬೇರೆ ಬೇರೆ ಬಣ್ಣದ ಬೆಳಕು ಬಿಟ್ಟು ನೋಡಿದರು. ಅವಕೆಂಪು ಬೆಳಕಿನಿಂದ ಗಾಯವಾಗಲು ಬೇಕಾದ ಶಕ್ತಿಗಿಂತ ನೂರಾರು ಪಟ್ಟು ಕಡಿಮೆ ಶಕ್ತಿಯ ನೀಲಿ ಬೆಳಕು ಅದೇ ಕೆಲಸ ಮಾಡಿಬಿಟ್ಟಿತು. ಹಾನಿ ತುತ್ತತುದಿಗೇರುವುದು 435–440 ನ್ಯಾನೋಮೀಟರ್ ತರಂಗಾಂತರದ ಆಸುಪಾಸಿನ ನೀಲಿಯಲ್ಲಿ (ಬೆಳಕಿನ ಬಣ್ಣವನ್ನು ಅಳೆಯುವುದು ಅದರ ಅಲೆಯ ಉದ್ದದಿಂದ). ಬಿಳಿ ಎಲ್‌ಇಡಿ ಎಂದು ನಾವು ಕರೆಯುವುದರ ಹೊಟ್ಟೆಯಲ್ಲಿ ಇರುವುದು ಸುಮಾರು 450 ನ್ಯಾನೋಮೀಟರಿನ ನೀಲಿ ಎಲ್‌ಇಡಿ. ಅದರ ಮೇಲೆ ಬಳಿದ ಹಳದಿ ಫಾಸ್ಫರ್ ಒಂದಿಷ್ಟು ನೀಲಿಯನ್ನು ಹಳದಿಯಾಗಿಸಿ, ಎರಡೂ ಬೆರೆತು ಬಿಳಿ ಕಾಣಿಸುತ್ತದೆ. ಆ ನೀಲಿ ಎಲ್‌ಇಡಿಗೇ 2014ರ ಭೌತಶಾಸ್ತ್ರದ ನೊಬೆಲ್ ಬಂದದ್ದು. ತಂಪು ಬಿಳಿ, ಅಂದರೆ ತುಸು ನೀಲಿ ಛಾಯೆಯ ಟಾರ್ಚಿನಲ್ಲಿ ಈ ನೀಲಿ ಹೆಚ್ಚು ಉಳಿದಿರುತ್ತದೆ. ಹಳದಿ ಛಾಯೆಯ ಟಾರ್ಚಿನಲ್ಲಿ ಅದರ ಮೂರರಲ್ಲೊಂದು ಪಾಲಿನಷ್ಟು.

ಹಾಗಾದರೆ ಎಷ್ಟು ಹೊತ್ತು ನೋಡಿದರೆ ಅಪಾಯ? ದೀಪಗಳ ಸುರಕ್ಷತೆಗೆಂದು 2006ರಲ್ಲಿ ಬಂದ ಐಇಸಿ 62471 ಎಂಬ ಅಂತರರಾಷ್ಟ್ರೀಯ ಮಾನದಂಡ ಈ ಲೆಕ್ಕಕ್ಕೆ ಸೂತ್ರ ಕೊಡುತ್ತದೆ. ಚದರ ಮಿಲಿಮೀಟರಿಗೆ 100 ಕ್ಯಾಂಡೆಲಾದ ತಂಪು ಬಿಳಿ ಎಲ್‌ಇಡಿಗೆ ಅದನ್ನು ಹಾಕಿ ನೋಡಿದರೆ, ಕದಲದೆ ದಿಟ್ಟಿಸಿದಾಗ 10 ಸೆಕೆಂಡಿನ ಆಸುಪಾಸಿನಲ್ಲಿ ಮಿತಿ ಮುಟ್ಟುತ್ತದೆ. ಹೊಳಪು 200 ಆದರೆ ಐದಾರು ಸೆಕೆಂಡು. ಹಳದಿ ಛಾಯೆಯದಾದರೆ ಅರ್ಧ ನಿಮಿಷ. ಇದೇ ಸೂತ್ರದಲ್ಲಿ ಸೂರ್ಯನಿಗೆ ಸಿಗುವುದು ಒಂದು ಸೆಕೆಂಡಿಗೂ ಕಡಿಮೆ. ಈ ಮಿತಿಗಳು ಗಾಯ ಶುರುವಾಗುವ ಗೆರೆಗಳಲ್ಲ. ಪ್ರಯೋಗಗಳಲ್ಲಿ ಗಾಯ ಕಂಡ ಮಟ್ಟಕ್ಕಿಂತ ಸಾಕಷ್ಟು ಕೆಳಗೆ, ಅಂಚು ಬಿಟ್ಟು ಎಳೆದ ಗೆರೆಗಳು. ಹನ್ನೊಂದನೆಯ ಸೆಕೆಂಡಿಗೆ ಕಣ್ಣು ಹೋಗುತ್ತದೆಂದು ಯಾರೂ ಗಾಬರಿಯಾಗಬೇಕಿಲ್ಲ. ಆದರೆ "ಎಷ್ಟು ಹೊತ್ತು ತಡೆದುಕೊಳ್ತೀಯ ನೋಡೋಣ" ಎಂಬ ಪಂದ್ಯ ಕಟ್ಟಿದರೆ ಆ ಅಂಚು ಬೇಗ ಕರಗುತ್ತದೆ.

ಅದೇ ಮಾನದಂಡ ದೀಪಗಳನ್ನು ನಾಲ್ಕು ಗುಂಪು ಮಾಡುತ್ತದೆ. ಸೊನ್ನೆಯ ಗುಂಪಿನದನ್ನು ಗಂಟೆಗಟ್ಟಲೆ ನೋಡಿದರೂ ಚಿಂತೆಯಿಲ್ಲ. ಒಂದನೆಯ ಗುಂಪು ಸಾಮಾನ್ಯ ಬಳಕೆಯಲ್ಲಿ ಸುರಕ್ಷಿತ. ಎರಡನೆಯ ಗುಂಪಿನಲ್ಲಿ ನಮ್ಮನ್ನು ಕಾಯುವುದು ಕಣ್ಣು ಮುಚ್ಚಿ ಮುಖ ತಿರುಗಿಸುವ ಸಹಜ ಪ್ರತಿಕ್ರಿಯೆ. ಮೂರನೆಯದು ಕ್ಷಣಮಾತ್ರಕ್ಕೂ ಅಪಾಯ. ಜೋರು ಟಾರ್ಚುಗಳು ಬಹುಪಾಲು ಎರಡನೆಯ ಗುಂಪಿಗೆ ಬೀಳುತ್ತವೆ. ಅಂದರೆ ಇಲ್ಲಿ ಕಾವಲುಗಾರ ನಿಮ್ಮ ರೆಪ್ಪೆ.

ರೆಪ್ಪೆಯನ್ನು ಎಷ್ಟು ನಂಬಬಹುದು

ಕಣ್ಣು ಕುಕ್ಕುವ ಬೆಳಕು ಬಿದ್ದರೆ ಕಾಲು ಸೆಕೆಂಡಿನಲ್ಲಿ ರೆಪ್ಪೆ ಮುಚ್ಚಿಕೊಳ್ಳುತ್ತದೆ ಎಂಬುದು ಸುರಕ್ಷತೆಯ ಲೆಕ್ಕಗಳೆಲ್ಲದರ ಹಿಂದಿರುವ ನಂಬಿಕೆ. ಜರ್ಮನಿಯಲ್ಲಿ ಇದನ್ನು ಲೇಸರ್ ಬೆಳಕಿನಿಂದ ಪರೀಕ್ಷಿಸಿ ನೋಡಿದಾಗ, ಅಷ್ಟರೊಳಗೆ ರೆಪ್ಪೆ ಮಿಟುಕಿಸಿದವರು ಅಲ್ಪಸಂಖ್ಯಾತರು. ಉಳಿದವರು ಸುಮ್ಮನೆ ನೋಡುತ್ತಿದ್ದರು. ಟಾರ್ಚಿನ ಅಗಲ ಬಿಂಬ ಲೇಸರಿನ ಸೂಜಿಮೊನೆಗಿಂತ ಹೆಚ್ಚು ಕಿರಿಕಿರಿ ಮಾಡುತ್ತದೆ, ನಿಜ. ಮುಖ ತಿರುಗಿಸದೆ ಇರುವುದು ಕಷ್ಟವೇ. ಆದರೂ ಹಟಕ್ಕೆ ಬಿದ್ದ ಹುಡುಗ, ಕುಡಿದವನು, ಮಂಪರಿನಲ್ಲಿರುವ ರೋಗಿ, ಮುಖ ತಿರುಗಿಸಲು ಇನ್ನೂ ಬಾರದ ಹಸುಗೂಸು, ಇವರ ಕಾವಲುಗಾರ ಡ್ಯೂಟಿಯಲ್ಲಿ ಇರುವುದಿಲ್ಲ.

ಹಟಕ್ಕೆ ಹುಡುಗರೇ ಆಗಬೇಕೆಂದೇನಿಲ್ಲ. ಐಸಾಕ್ ನ್ಯೂಟನ್ ಕನ್ನಡಿಯಲ್ಲಿ ಪ್ರತಿಫಲಿಸಿದ ಸೂರ್ಯನನ್ನು ಬಲಗಣ್ಣಿನಿಂದ ಬೇಕೆಂದೇ ಮತ್ತೆ ಮತ್ತೆ ನೋಡಿ, ಕಣ್ಣೆದುರು ಉಳಿಯುವ ಬೊಟ್ಟನ್ನು ಪರೀಕ್ಷಿಸಿದ. ಕೊನೆಗೆ ಎತ್ತ ನೋಡಿದರೂ ಸೂರ್ಯನೇ ಕಾಣತೊಡಗಿ, ಓದಲು ಬರೆಯಲು ಆಗದೆ, ಮೂರು ದಿನ ಕತ್ತಲ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಕೂತ. ಕತ್ತಲಲ್ಲೂ ಸೂರ್ಯನನ್ನು ನೆನೆದರೆ ಸಾಕು, ಅವನು ಕಣ್ಣೆದುರು ಬಂದು ನಿಲ್ಲುತ್ತಿದ್ದನಂತೆ. 1691ರಲ್ಲಿ ತತ್ವಜ್ಞಾನಿ ಜಾನ್ ಲಾಕ್‌ಗೆ ಬರೆದ ಪತ್ರದಲ್ಲಿ ಅವನೇ ಇದನ್ನೆಲ್ಲ ಹೇಳಿಕೊಂಡಿದ್ದಾನೆ. ಅವನ ಕಣ್ಣು ಸರಿಹೋಯಿತು. ಎಲ್ಲರದೂ ಹೋಗುವುದಿಲ್ಲ. 2017ರ ಸೂರ್ಯಗ್ರಹಣವನ್ನು ಸರಿಯಾದ ರಕ್ಷಣೆಯಿಲ್ಲದೆ ನೋಡಿದ ನ್ಯೂಯಾರ್ಕಿನ ಮಹಿಳೆಯೊಬ್ಬರ ಅಕ್ಷಿಪಟಲದಲ್ಲಿ, ಆ ಹೊತ್ತಿನ ಸೂರ್ಯನದೇ ಆಕಾರದ ಬಿದಿಗೆ ಚಂದ್ರನಂಥ ಗಾಯ ಮೂಡಿತ್ತು. ಬಿಂಬ ಎಂಬ ಮಾತು ಉಪಮೆಯಲ್ಲ ಎನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ಸಾಮಾನ್ಯವಾಗಿ ಆಗುವುದೇನು

ಟಾರ್ಚ್ ಒಮ್ಮೆ ಕಣ್ಣಿಗೆ ಬಿದ್ದಾಗ ಕಾಣುವ ಬೊಟ್ಟು ಗಾಯವಲ್ಲ. ಬೆಳಕು ಬಿದ್ದ ಜಾಗದ ಕೋಶಗಳಲ್ಲಿ ಬೆಳಕು ಹಿಡಿಯುವ ವರ್ಣದ್ರವ್ಯ ಒಮ್ಮೆಗೇ ಖರ್ಚಾಗಿರುತ್ತದೆ. ಅದು ಮರಳಿ ತುಂಬಿಕೊಳ್ಳುವವರೆಗೆ ಆ ಜಾಗ ಮಂಕು. ಬಣ್ಣ ಗುರುತಿಸುವ ಕೋಶಗಳು ಹತ್ತು ನಿಮಿಷದೊಳಗೆ ಚೇತರಿಸಿಕೊಳ್ಳುತ್ತವೆ. ಕತ್ತಲಲ್ಲಿ ಕಾಣಿಸುವ ಕೋಶಗಳಿಗೆ ಪೂರ್ತಿ ಸುಧಾರಿಸಿಕೊಳ್ಳಲು 30–40 ನಿಮಿಷ ಹಿಡಿಯುತ್ತದೆ. ನಕ್ಷತ್ರ ನೋಡುವವರು ಅರ್ಧ ಗಂಟೆ ಕತ್ತಲಿಗೆ ಕಣ್ಣು ಹೊಂದಿಸಿಕೊಂಡು ಕೂತಾಗ ಯಾರಾದರೂ ಟಾರ್ಚ್ ಹಾಕಿದರೆ ಸಿಡಿಮಿಡಿಗೊಳ್ಳುವುದು ಇದಕ್ಕೇ. ಆ ಕೋಶಗಳಿಗೆ ಕಡುಗೆಂಪು ಬೆಳಕು ಸರಿಯಾಗಿ ಕಾಣುವುದಿಲ್ಲ. ಹಾಗಾಗಿ ಅವರು ಕೆಂಪು ಟಾರ್ಚ್ ಹಿಡಿಯುತ್ತಾರೆ.

ಗಾಯವಾಗದ ಈ ಕುರುಡಿನಲ್ಲೇ ನಿಜವಾದ ಅಪಾಯ ಹೆಚ್ಚು ಎಂಬುದು ನನ್ನ ಎಣಿಕೆ. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಹೋಗುವ ವಾಹನ ಸೆಕೆಂಡಿಗೆ ಸುಮಾರು 17 ಮೀಟರ್ ಸಾಗುತ್ತದೆ. ಎದುರಿನಿಂದ ಯಾರೋ ತಮಾಷೆಗೆ ಟಾರ್ಚ್ ಬಿಟ್ಟು ಚಾಲಕನಿಗೆ 5 ಸೆಕೆಂಡ್ ಕಣ್ಣು ಕತ್ತಲೆ ಬಂದರೆ ಅವನು 80 ಮೀಟರಿಗೂ ಹೆಚ್ಚು ದೂರ ಅಂದಾಜಿನ ಮೇಲೆ ಓಡಿಸಿರುತ್ತಾನೆ. ಅವನ ಅಕ್ಷಿಪಟಲಕ್ಕೆ ಏನೂ ಆಗಿರುವುದಿಲ್ಲ, ರಸ್ತೆಯಲ್ಲಿದ್ದವರಿಗೆ ಆಗಿರುತ್ತದೆ. ಸೈಕಲ್ಲಿಗೆ ಜೋರು ಟಾರ್ಚ್ ಕಟ್ಟಿ ನೇರ ಎದುರಿನವರ ಮುಖಕ್ಕೆ ಹಿಡಿದು ಹೋಗುವವರೂ ಇದೇ ಪಟ್ಟಿಯಲ್ಲಿ. ವಯಸ್ಸಾದವರ ಕಣ್ಣಿನ ಮಸೂರ ಮಂಜಾಗಿರುವುದರಿಂದ ಒಳಬಂದ ಬೆಳಕು ಚದುರಿ ಇಡೀ ನೋಟಕ್ಕೆ ತೆರೆ ಎಳೆಯುತ್ತದೆ. ಪೊರೆ ಬಂದಿದ್ದರಂತೂ ಎದುರು ಬೆಳಕೊಂದೇ ಕಾಣುತ್ತದೆ, ದಾರಿ ಕಾಣುವುದಿಲ್ಲ.

ಇನ್ನೊಂದು, ಮಿಣಮಿಣ ಮಿನುಗುವ ಬೆಳಕು. ಅನೇಕ ಟಾರ್ಚುಗಳಲ್ಲಿ ಈ ಬಗೆಯೊಂದು ಇರುತ್ತದೆ, ಏಕಿದೆ ಎಂದು ಕೊಂಡವರಿಗೂ ಗೊತ್ತಿರುವುದಿಲ್ಲ. ಬೆಳಕಿನ ಮಿನುಗಿಗೆ ಅಪಸ್ಮಾರ ಕೆರಳುವ ಕೆಲವರಿದ್ದಾರೆ. ಸೆಕೆಂಡಿಗೆ 3ರಿಂದ 30 ಸಲದ ಮಿನುಗು, ಅದರಲ್ಲೂ 15–25ರ ನಡುವಿನದು, ಅವರಿಗೆ ಕೆಟ್ಟದ್ದು. 1997ರಲ್ಲಿ ಜಪಾನಿನ ಟಿವಿ ಕಾರ್ಟೂನೊಂದರ ಮಿನುಗುವ ದೃಶ್ಯ ನೋಡಿ 600ಕ್ಕೂ ಹೆಚ್ಚು ಜನ, ಬಹುಪಾಲು ಮಕ್ಕಳು, ಆಸ್ಪತ್ರೆ ಸೇರಿದ್ದರು.

ಕಣ್ಣಿಗೆ ಮಂಕು, ಕೇಡಿಗೆ ಚುರುಕು

ಇಲ್ಲಿಯವರೆಗೆ ಹೇಳಿದ್ದು ಬಿಳಿ ಟಾರ್ಚಿನ ಮಾತು. ಅದು ಕೋರೈಸಿ ತನ್ನ ಬಗ್ಗೆ ತಾನೇ ಎಚ್ಚರಿಕೆ ಕೊಡುತ್ತದೆ. ಎಚ್ಚರಿಕೆ ಕೊಡದ ಟಾರ್ಚುಗಳ ಬಗ್ಗೆ ನನಗೆ ಹೆಚ್ಚು ಭಯ.

ಲುಮೆನ್ ಎನ್ನುವುದು ನಮ್ಮ ಕಣ್ಣಿಗೆ ಕಂಡಷ್ಟನ್ನು ಮಾತ್ರ ಎಣಿಸುವ ಅಳತೆ. ಹಸಿರು ಬೆಳಕನ್ನು ಪೂರ್ತಿ ಎಣಿಸುತ್ತದೆ. 450 ನ್ಯಾನೋಮೀಟರಿನ ನೀಲಿಯನ್ನು ಅದರ ಶೇಕಡಾ 4ರಷ್ಟು ಮಾತ್ರ. ಹಾಗಾಗಿ ಬರೀ ನೀಲಿ ಬೆಳಕಿನ ಟಾರ್ಚಿನ ಡಬ್ಬಿಯ ಮೇಲೆ ಸಣ್ಣ ಸಂಖ್ಯೆ ಇರುತ್ತದೆ, ಕಣ್ಣಿಗೂ ಅಷ್ಟೇನೂ ಜೋರೆನಿಸದು, ಒಳಗೆ ಮಾಡುವ ಕೇಡು ಮಾತ್ರ ಪೂರ್ತಿ. ನೇರಳೆ ಇನ್ನೂ ಮೋಸಗಾರ. ಜಪಾನಿನ ಹದಿಹರೆಯದ ಹುಡುಗನೊಬ್ಬ ಆಟಿಕೆಯಂಥ ಪುಟ್ಟ ನೇರಳೆ ಎಲ್‌ಇಡಿಯನ್ನು ದಿಟ್ಟಿಸಿ ನೋಡಿ ಅಕ್ಷಿಪಟಲಕ್ಕೆ ಗಾಯ ಮಾಡಿಕೊಂಡದ್ದನ್ನು 2011ರಲ್ಲಿ ಅಲ್ಲಿನ ವೈದ್ಯರು ವರದಿ ಮಾಡಿದ್ದಾರೆ. ಅದರ ಲುಮೆನ್ ಲೆಕ್ಕ ಹಾಕಿದರೆ ನಗು ಬರುವಷ್ಟಿದ್ದೀತು.

ನೋಟು ಪರೀಕ್ಷಿಸಲು, ಚೇಳು ಹುಡುಕಲು, ಅಂಟು ಗಟ್ಟಿ ಮಾಡಲು ಬಳಸುವ ಯುವಿ, ಅಂದರೆ ಅತಿನೇರಳೆ, ಟಾರ್ಚುಗಳು 365ರಿಂದ 405 ನ್ಯಾನೋಮೀಟರಿನವು. ದೊಡ್ಡವರ ಮಸೂರ ಅತಿನೇರಳೆಯನ್ನು ಬಹುಪಾಲು ತಡೆದು ತಾನೇ ಹೀರಿಕೊಳ್ಳುತ್ತದೆ. ಯುವಿ ಟಾರ್ಚ್ ಬಿದ್ದಾಗ ನೋಟವೆಲ್ಲ ಮಂಜು ಮಂಜಾಗುವುದು ಆ ಮಸೂರವೇ ಮಂದವಾಗಿ ಬೆಳಗುವುದರಿಂದ. ಮಕ್ಕಳ ತಿಳಿ ಮಸೂರ ಹೆಚ್ಚು ಒಳಬಿಡುತ್ತದೆ. ಶಸ್ತ್ರಚಿಕಿತ್ಸೆಯಲ್ಲಿ ಮಸೂರ ತೆಗೆಸಿಕೊಂಡು ಬೇರೆ ಹಾಕಿಸದೆ ಇರುವವರ ಕಣ್ಣಿಗೆ ಆ ತಡೆಯೇ ಇಲ್ಲ. ರೋಗಾಣು ಕೊಲ್ಲುವ ಯುವಿ-ಸಿ ದೀಪಗಳು ಕಾರ್ನಿಯಾದ ಮೇಲ್ಪದರವನ್ನೇ ಸುಡುತ್ತವೆ, ವೆಲ್ಡಿಂಗ್ ನೋಡಿದವರಿಗೆ ಆಗುವಂತೆ. ಆಗ ಏನೂ ಅನಿಸುವುದಿಲ್ಲ. ಆರರಿಂದ ಹನ್ನೆರಡು ಗಂಟೆ ಕಳೆದು, ಸಾಮಾನ್ಯವಾಗಿ ನಡುರಾತ್ರಿ, ಕಣ್ಣಿಗೆ ಮರಳು ಎರಚಿದಂತೆ ಉರಿ, ನೀರು. ಒಂದೆರಡು ದಿನದಲ್ಲಿ ವಾಸಿಯಾಗುತ್ತದೆ, ಆದರೆ ಆ ಒಂದೆರಡು ದಿನ ಬೇಡ.

ರಾತ್ರಿ ಕ್ಯಾಮೆರಾಗಳಿಗೆ ಬಳಸುವ ಅವಕೆಂಪು ಟಾರ್ಚುಗಳ 850 ಅಥವಾ 940 ನ್ಯಾನೋಮೀಟರಿನ ಬೆಳಕು ನಮಗೆ ಕಾಣುವುದೇ ಇಲ್ಲವೆನ್ನಬಹುದು. ಪಾಪೆ ಕುಗ್ಗುವುದಿಲ್ಲ, ರೆಪ್ಪೆ ಮುಚ್ಚುವುದಿಲ್ಲ. ಹತ್ತಿದೆಯೇ ಎಂದು ಅದರೊಳಗೆ ಇಣುಕುವುದು ಎಲ್ಲಕ್ಕಿಂತ ದಡ್ಡತನ. ಫೋನಿನ ಕ್ಯಾಮೆರಾದಲ್ಲಿ ನೋಡಿದರೆ ಸಾಮಾನ್ಯವಾಗಿ ಕಾಣುತ್ತದೆ. ಇನ್ನು ನೀಲಿ ಲೇಸರನ್ನು ಫಾಸ್ಫರ್ ಮೇಲೆ ಬಿಟ್ಟು ಬಿಳಿ ಬೆಳಕು ಮಾಡುವ ಎಲ್‌ಇಪಿ ಟಾರ್ಚುಗಳು ಬಂದಿವೆ. ಸೂಜಿಯಂಥ ಬೆಳಕು, ಎಲ್‌ಇಡಿಗಿಂತ ಎಷ್ಟೋ ಹೆಚ್ಚಿನ ಹೊಳಪು. ಅವನ್ನು ಬಿಚ್ಚಿ ರಿಪೇರಿ ಮಾಡುವ ಸಾಹಸ ಬೇಡ, ಫಾಸ್ಫರ್ ಕದಲಿದರೆ ಒಳಗಿನ ಲೇಸರ್ ನೇರ ಹೊರಬರಬಹುದು. ಲೇಸರ್ ಪಾಯಿಂಟರ್ ಬೇರೆಯದೇ ಜಾತಿ. ಅದರ ಬೆಳಕು ಕೂದಲೆಳೆಗಿಂತ ಚಿಕ್ಕ ಚುಕ್ಕೆಗೆ ಕೂಡುವುದರಿಂದ, ಕೆಲವೇ ಮಿಲಿವ್ಯಾಟ್ ಕೂಡ ಹತ್ತು ವ್ಯಾಟಿನ ಟಾರ್ಚಿಗಿಂತ ಅಪಾಯಕಾರಿ.

ಮಕ್ಕಳ ಕೈಲಿ, ಮಕ್ಕಳ ಕಣ್ಣಿಗೆ

2015ರಲ್ಲಿ ಫೋನಿನ ಫ್ಲಾಷ್‌ನಿಂದ ಮಗುವೊಂದು ಕುರುಡಾಯಿತು ಎಂಬ ಸುದ್ದಿ ಲೋಕವೆಲ್ಲ ಸುತ್ತಿತು. ಕಣ್ಣಿನ ತಜ್ಞರು ಅದನ್ನು ಒಪ್ಪಲಿಲ್ಲ. ಕ್ಷಣಾರ್ಧದ ಫ್ಲಾಷ್‌ಗೆ ಆ ಶಕ್ತಿಯಿಲ್ಲ. ಮೇಲಿನ ಲೆಕ್ಕ ಓದಿದವರಿಗೂ ಅದು ಹೊಳೆಯಬೇಕು, ಇಲ್ಲಿ ಸಮಯವೇ ಮುಖ್ಯ. ಆದರೆ ಅಳುವ ಕೂಸನ್ನು ರಮಿಸಲೆಂದು ಟಾರ್ಚನ್ನು ಮುಖದೆದುರು ಆಡಿಸುವುದು ಫ್ಲಾಷ್ ಅಲ್ಲ. ಬೆಳಕಿನತ್ತ ನೋಡುವುದು ಕೂಸುಗಳ ಸ್ವಭಾವ, ಅವುಗಳ ಮಸೂರ ನೀರಿನಷ್ಟು ತಿಳಿ, ತೋಳು ಪುಟ್ಟದಾದ್ದರಿಂದ ಕೈಗೆ ಸಿಕ್ಕಿದ್ದೆಲ್ಲ ಮುಖಕ್ಕೆ ಹತ್ತಿರ. ಫ್ರಾನ್ಸಿನ ಆರೋಗ್ಯ ಸುರಕ್ಷತಾ ಸಂಸ್ಥೆ ಅನ್ಸೆಸ್ 2019ರಲ್ಲಿ, ಸಾರ್ವಜನಿಕರ ಕೈಗೆ ಸಿಗುವ ಎಲ್‌ಇಡಿ ಸಾಮಾನುಗಳು ಒಂದನೆಯ ಗುಂಪನ್ನು ದಾಟಬಾರದು ಎಂದು ಸಲಹೆ ಕೊಟ್ಟಿತ್ತು. ಮಕ್ಕಳಿಗೆ ಟಾರ್ಚ್ ಕೊಡುವುದಾದರೆ ಕಡಿಮೆ ಹೊಳಪಿನದು, ಹಳದಿ ಛಾಯೆಯದು, ಮುಂದೆ ಹಾಲುಬಣ್ಣದ ಮುಚ್ಚಳವಿರುವುದು ಸಾಕು. ಹಾಲುಬಣ್ಣದ ಮುಚ್ಚಳ ಲುಮೆನ್ ಅನ್ನು ಹೆಚ್ಚೇನೂ ತಗ್ಗಿಸುವುದಿಲ್ಲ, ಬಿಂಬದ ಹೊಳಪನ್ನು ಮಾತ್ರ ಮುರಿದುಹಾಕುತ್ತದೆ.

ಇನ್ನೊಂದು ಚಾಳಿ, ಮನೆಯಲ್ಲಿ ಯಾರಾದರೂ ತಲೆಗೆ ಪೆಟ್ಟು ಮಾಡಿಕೊಂಡರೆ ಪಾಪೆ ನೋಡಲೆಂದು, ಕಣ್ಣಿಗೆ ಕಸ ಬಿದ್ದರೆ ತೆಗೆಯಲೆಂದು, ಕೈಗೆ ಸಿಕ್ಕ ಟಾರ್ಚನ್ನು ಕಣ್ಣಿಗೇ ಹಿಡಿಯುವುದು. ವೈದ್ಯರ ಜೇಬಿನಲ್ಲಿರುವ ಪೆನ್ ಟಾರ್ಚ್ ಮಂದ ಬೆಳಕಿನದು. ರೆಪ್ಪೆಯನ್ನು ಬೆರಳಲ್ಲಿ ಅಗಲಿಸಿ ಹಿಡಿದು 1000 ಲುಮೆನ್ ಬಿಡುವುದೆಂದರೆ ಕಾವಲುಗಾರನ ಕೈಕಟ್ಟಿ ಕಳ್ಳನನ್ನು ಒಳಬಿಟ್ಟಂತೆ. ಅತಿ ಕಡಿಮೆ ಮಟ್ಟಕ್ಕೆ ಇಳಿಸಿ, ಪಕ್ಕದಿಂದ ಓರೆಯಾಗಿ ಹಿಡಿದರೆ ಕಸವೂ ಚೆನ್ನಾಗಿ ಕಾಣುತ್ತದೆ. ಕಣ್ಣಿನ ಪರೀಕ್ಷೆಗೆ ಪಾಪೆ ಹಿಗ್ಗಿಸುವ ಹನಿ ಹಾಕಿಸಿಕೊಂಡು ಬಂದವರ ಪಾಪೆ ಗಂಟೆಗಟ್ಟಲೆ ಕುಗ್ಗುವುದೇ ಇಲ್ಲ. ಅವರ ಎದುರಂತೂ ಜೋರು ಟಾರ್ಚಿನ ಆಟ ಬೇಡ.

ಕನ್ನಡಿ, ಹೊಳಪಿನ ಸ್ಟೀಲು, ನಿಂತ ನೀರು ಇವು ಟಾರ್ಚಿನ ಬಿಂಬವನ್ನು ಹಾಗೆಯೇ ವಾಪಸ್ ಕಳಿಸುತ್ತವೆ. ಕನ್ನಡಿಯಲ್ಲಿ ಕಂಡ ಟಾರ್ಚು ನೇರ ಕಂಡ ಟಾರ್ಚಿಗೆ ಹತ್ತಿರ ಹತ್ತಿರ ಸಮ. ಸುಣ್ಣದ ಗೋಡೆ ಹಾಗಲ್ಲ, ಬಿಂಬವನ್ನು ಪುಡಿ ಮಾಡಿ ಬೆಳಕನ್ನು ಮಾತ್ರ ಚೆಲ್ಲುತ್ತದೆ. ಕರೆಂಟ್ ಹೋದಾಗ ಟಾರ್ಚನ್ನು ಸೀಲಿಂಗಿನತ್ತ ನಿಲ್ಲಿಸಿದರೆ ಇಡೀ ಕೋಣೆಗೆ ಹಿತವಾದ ಬೆಳಕು, ಯಾರ ಕಣ್ಣಿಗೂ ನೇರ ಬೀಳದು. ಹಣೆಗೆ ಕಟ್ಟುವ ಟಾರ್ಚ್ ಹಾಕಿಕೊಂಡವರು ಮಾತಾಡುವಾಗ ಎದುರಿನವರ ಮುಖ ನೋಡುತ್ತಾರೆ, ಜತೆಗೆ ಟಾರ್ಚೂ ನೋಡುತ್ತದೆ. ಅದನ್ನು ಕೆಳಕ್ಕೆ ಬಾಗಿಸಿಕೊಳ್ಳಬೇಕೆಂದು ನೆನಪಾಗುವುದು ಎದುರಿನವರು ಕಣ್ಣಿಗೆ ಕೈ ಅಡ್ಡ ಹಿಡಿದ ಮೇಲೆಯೇ.

ವೈದ್ಯರ ಹತ್ತಿರ ಯಾವಾಗ

ಅಕ್ಷಿಪಟಲಕ್ಕೆ ನೋವು ಗೊತ್ತಾಗುವುದಿಲ್ಲ, ಅಲ್ಲಿ ನೋವಿನ ನರಗಳಿಲ್ಲ. ಆದ್ದರಿಂದ ನೋವಿಲ್ಲ ಎಂಬುದು ಏನನ್ನೂ ಹೇಳುವುದಿಲ್ಲ. ಲಕ್ಷಣ ಕಾಣಿಸಿಕೊಳ್ಳಲು ಕೆಲವು ಗಂಟೆಗಳೂ ಬೇಕಾಗಬಹುದು. ನೋಡಬೇಕಾದದ್ದು ಬೊಟ್ಟಿನ ನಡತೆಯನ್ನು. ಬೆಳಕು ಬಿಟ್ಟ ಗುರುತಷ್ಟೇ ಆಗಿದ್ದರೆ ಅದು ಬಣ್ಣ ಬದಲಿಸುತ್ತ, ಮಂಕಾಗುತ್ತ, ಕೆಲವು ನಿಮಿಷದಲ್ಲಿ ಕರಗುತ್ತದೆ. ಗಾಯವಾಗಿದ್ದರೆ ಅದು ಹೋಗುವುದಿಲ್ಲ: ಮರುದಿನವೂ ನೋಟದ ನಡುವೆಯೇ ಕೂತಿರುತ್ತದೆ, ಓದುವಾಗ ಅಕ್ಷರವೊಂದು ಮಾಯವಾಗುತ್ತದೆ, ನೇರ ಗೆರೆ ಅಲ್ಲಿಗೆ ಬಂದಾಗ ಬಾಗುತ್ತದೆ. ಒಂದೊಂದೇ ಕಣ್ಣು ಮುಚ್ಚಿ ಚೌಕುಳಿ ಕಾಗದದ ಮಧ್ಯದ ಒಂದು ಚುಕ್ಕೆ ನೋಡಿದರೆ ಇದು ಸುಲಭವಾಗಿ ತಿಳಿಯುತ್ತದೆ. ಎರಡೂ ಕಣ್ಣು ತೆರೆದಿದ್ದರೆ ಒಂದರ ಕೊರತೆಯನ್ನು ಇನ್ನೊಂದು ಮುಚ್ಚಿಹಾಕುತ್ತದೆ. ಹೀಗೇನಾದರೂ ಕಂಡರೆ ತಡಮಾಡದೆ ಕಣ್ಣಿನ ವೈದ್ಯರಲ್ಲಿಗೆ ಹೋಗಬೇಕು. ಒಸಿಟಿ ಎಂಬ ಸ್ಕ್ಯಾನ್ ಅಕ್ಷಿಪಟಲದ ಪದರಗಳನ್ನು ಸೀಳಿಟ್ಟಂತೆ ತೋರಿಸುತ್ತದೆ, ಚಿಕ್ಕ ಗಾಯವೂ ಅದರಲ್ಲಿ ಕಾಣುತ್ತದೆ. ಹೋಗುವಾಗ ಯಾವ ಟಾರ್ಚ್, ಎಷ್ಟು ದೂರ, ಎಷ್ಟು ಹೊತ್ತು ಎಂದು ಬರೆದುಕೊಂಡು ಹೋಗಿ. ಆದರೆ ಆ ಟಾರ್ಚಿನ ಮಾಡೆಲ್ ನಂಬರ್ ಓದಲೆಂದು ಅದನ್ನು ಮತ್ತೆ ಹತ್ತಿಸಿ ನೋಡಬೇಡಿ, ಹಾಗೆ ಮಾಡುವವರೂ ಇದ್ದಾರೆ.

ಇಂಥ ಗಾಯಕ್ಕೆ ಖಚಿತವಾಗಿ ಕೆಲಸ ಮಾಡುವ ಔಷಧಿಯಿಲ್ಲ. ಬೆಳಕು ಗ್ರಹಿಸುವ ಕೋಶಗಳು ತಮ್ಮ ತುದಿಯ ಭಾಗವನ್ನು ಸುಮಾರು ಎರಡು ವಾರಕ್ಕೊಮ್ಮೆ ಹೊಸದಾಗಿ ಬೆಳೆಸಿಕೊಳ್ಳುತ್ತಲೇ ಇರುತ್ತವೆ. ಪೆಟ್ಟು ಅಷ್ಟಕ್ಕೇ ನಿಂತಿದ್ದರೆ ವಾರಗಳಲ್ಲಿ, ತಿಂಗಳುಗಳಲ್ಲಿ ನೋಟ ಬಹುಮಟ್ಟಿಗೆ ಮರಳುತ್ತದೆ. ಕೋಶವೇ ಸತ್ತಿದ್ದರೆ ಆ ಬೊಟ್ಟು ಉಳಿದುಬಿಡುತ್ತದೆ.

ನನ್ನದು ಐದಾರು ನಿಮಿಷಕ್ಕೆ ಕರಗಿತು. ಈಗ ಟಾರ್ಚ್ ಹತ್ತಿದೆಯೋ ಇಲ್ಲವೋ ನೋಡಲು ಅಂಗೈ ಅಡ್ಡ ಹಿಡಿಯುತ್ತೇನೆ. ಬೆರಳ ಸಂದಿಯೆಲ್ಲ ಕೆಂಪಗೆ ಬೆಳಗುತ್ತದೆ. ಹೆಚ್ಚು ಹೊತ್ತು ಹಿಡಿಯುವ ಹಾಗೂ ಇಲ್ಲ, ಜೋರು ಟಾರ್ಚಾದರೆ ಕೈ ಚುರುಕ್ ಅನ್ನುತ್ತದೆ.